ಏಳನೇ ನಂಬರಿನ ಜಾಗ

ಒದ್ದ ಚೆಂಡು ಸಾಲಾಗಿ ನೆಟ್ಟ ನಾಲ್ಕು ಕಂಬಗಳಲ್ಲಿ ನಡುವಿನ ಎರಡರ ಮಧ್ಯದಿಂದ ಎತ್ತರಕ್ಕೆ ಹಾರಿಹೋಯಿತು. ಅಂಪೈರ್ ಎರಡೂ ಕೈಯ ಬಿಳಿ ಬಾವುಟ ಬೀಸಿದ. ಅಲ್ಲಿಯ ಬಗೆಯ ಫುಟ್‌ಬಾಲಿನಲ್ಲಿ ಅದು ಗೋಲು, ಈ ವರ್ಷದ ಮೊದಲ ಪಂದ್ಯದ ಮೊದಲ ಗೋಲು. ಆದರೆ ಮೈದಾನದ ಬೇಲಿಗೆ ಮೂತಿಯಿಟ್ಟು ಸುತ್ತಲೂ ನಿಂತಿದ್ದ ಎಂಬತ್ತು ಕಾರುಗಳಲ್ಲಿ ಒಂದೂ ಹಾರ್ನ್ ಹೊಡೆಯಲಿಲ್ಲ.

ವಿರಬೂ ಊರಿನಲ್ಲಿ ಗೋಲಾದರೆ ಚಪ್ಪಾಳೆ ತಟ್ಟುವವರು ಕಡಿಮೆ. ಎಲ್ಲರೂ ಕಾರಿನೊಳಗೆ ಕೂತೇ ಹಾರ್ನ್ ಒತ್ತುತ್ತಾರೆ, ಗೋಧಿ ಹೊಲಗಳಾಚೆ ಹಾಸಿಗೆ ಹಿಡಿದ ಮುದುಕರಿಗೂ ಆಟ ಹೇಗೆ ಸಾಗಿದೆಯೆಂದು ಗೊತ್ತಾಗುವಷ್ಟು ಜೋರಾಗಿ. ಇವತ್ತು ಮಾತ್ರ ಯಾರದೋ ಶಾಪಕ್ಕೆ ಊರಿಗೆ ಊರೇ ಕಲ್ಲಾದಂತೆ ಕೂತಿತ್ತು. ಎಲ್ಲರೂ ನೋಡುತ್ತಿದ್ದದ್ದು ಸ್ಕೋರ್‌ಬೋರ್ಡಿನ ಪಕ್ಕ ನಿಂತಿದ್ದ ಹಳೆಯ ಬಿಳಿ ಪಿಕಪ್ಪನ್ನು. ಅದರೊಳಗೆ ಗ್ಲೆನಿಸ್ ಇದ್ದಳು, ಅವಳ ಗಂಡ ಲಿಂಡ್ಸೆ ಇದ್ದ. ಗೋಲು ಹೊಡೆದ ಹುಡುಗನ ಬೆನ್ನ ಮೇಲೆ ಅವರ ಮಗನ ನಂಬರಿತ್ತು, ಏಳು.

ಮಗ ಕ್ಯಾಲಮ್ ಸತ್ತು ಆರು ವರ್ಷ. ತಮ್ಮದೇ ಹೊಲದಲ್ಲಿ, ಕುರಿ ಅಟ್ಟುವಾಗ, ನಾಲ್ಕು ಚಕ್ರದ ಬೈಕು ಮಗುಚಿ. ಆಮೇಲೆ ಕ್ಲಬ್ಬಿನವರು ಏಳನೇ ನಂಬರನ್ನು ಯಾರಿಗೂ ಕೊಡಲಿಲ್ಲ. ತಂಡದ ಜೆರ್ಸಿಗಳನ್ನೆಲ್ಲ ಒಗೆಯುವವಳು ಗ್ಲೆನಿಸ್. ಮಗ ಅಂಬೆಗಾಲಿಡುತ್ತಿದ್ದ ಕಾಲದಿಂದ ಅದು ಅವಳ ಕೆಲಸ. ಪ್ರತಿ ಭಾನುವಾರ ಬೆಳಿಗ್ಗೆ, ಶೆಡ್ಡಿನಿಂದ ನೀಲಗಿರಿ ಮರದವರೆಗೆ ಲಿಂಡ್ಸೆ ಎಳೆದು ಕಟ್ಟಿದ ತಂತಿಯ ಮೇಲೆ ಒಂದರಿಂದ ಇಪ್ಪತ್ತೆರಡರವರೆಗೆ ಸಾಲಾಗಿ ಹರವುತ್ತಿದ್ದಳು. ಆರಕ್ಕೂ ಎಂಟಕ್ಕೂ ನಡುವೆ ಮಗನ ಎದೆಯಗಲ ಜಾಗ ಖಾಲಿ ಬಿಡುತ್ತಿದ್ದಳು. ಹಾಗೆ ಬಿಡು ಎಂದು ಅವಳಿಗೆ ಯಾರೂ ಹೇಳಿರಲಿಲ್ಲ. ಯಾಕೆ ಎಂದು ಕೇಳಿದವರೂ ಇಲ್ಲ. ರಸ್ತೆಯಲ್ಲಿ ಹೋಗುವ ಗಾಡಿಗಳು ಆ ಖಾಲಿ ಜಾಗ ಕಂಡರೆ ತುಸು ನಿಧಾನವಾಗುತ್ತಿದ್ದವು, ಅಷ್ಟೇ.

ಈ ಸಲ ಎರಡೂ ಊರುಗಳಲ್ಲಿ ಆಡುವ ಹುಡುಗರು ಸಾಲದೆ, ವಿರಬೂ ತಂಡವೂ ಅದರ ನೂರು ವರ್ಷದ ಶತ್ರು ಕೆರಿಬಾ ತಂಡವೂ ಒಂದಾಗಿದ್ದವು. ಕ್ಲಬ್ಬಿನವರು ಗ್ಲೆನಿಸಳ ಮನೆಗೆ ಬಂದು, ಸ್ಕೋನ್ ಬನ್ನು ತಿಂದು, ಹವೆಯ ಮಾತಾಡಿ, ಒಂದು ಗಂಟೆಯಾದ ಮೇಲೆ ವಿಷಯಕ್ಕೆ ಬಂದರು. ಹೊಸ ತಂಡ, ಹೊಸ ಜೆರ್ಸಿ, ಕೆರಿಬಾದವರು ಯಾವ ನಂಬರೂ ಖಾಲಿ ಬಿಡಬಾರದು ಅಂತಾರೆ. ಗ್ಲೆನಿಸ್ ಅವರ ಬಟ್ಟಲಿಗೆ ಇನ್ನಷ್ಟು ಟೀ ಬಗ್ಗಿಸುತ್ತ, ಕೊಡಿ ಅದಕ್ಕೇನಂತೆ, ಅಂದಳು, ಪಕ್ಕದ ಮನೆಯವರಿಗೆ ಸಕ್ಕರೆ ಕೊಟ್ಟಷ್ಟು ಸಲೀಸಾಗಿ. ಅವರು ಹೋದ ಮೇಲೆ ತೊಳೆದಿಟ್ಟ ಬಟ್ಟಲುಗಳನ್ನೇ ಮತ್ತೆ ತೊಳೆದಳು.

ಈಗ ಲಿಂಡ್ಸೆಯ ಕೈ ಸ್ಟೀರಿಂಗಿನ ಮೇಲೇ ಇತ್ತು.

"ಒತ್ತು," ಅಂದಳು.

"ನನ್ ಕೈಲಾಗಲ್ಲ ಕಣೇ."

"ಆ ಹುಡುಗ ನಿಂತು ನಮ್ಮನ್ನೇ ನೋಡ್ತಿದಾನೆ. ಏನೋ ತಪ್ಪು ಮಾಡ್ದೆ ಅಂದ್ಕೊಂಡಿರ್ತಾನೆ, ಪಾಪ."

ಲಿಂಡ್ಸೆ ಮುಖ ಕಿಟಕಿಯ ಕಡೆಗೆ ತಿರುಗಿಸಿದ. ಗ್ಲೆನಿಸ್ ಅವನ ಮೈಮೇಲೆ ಬಾಗಿ, ಅಂಗೈಯೂರಿ ಒತ್ತಿದಳು. ಪಿಕಪ್ಪಿನ ಹಾರ್ನು ನೆಗಡಿಯಾದ ಕುರಿಯಂತೆ ಒದರಿತು. ಅವಳು ಕೈ ತೆಗೆಯಲಿಲ್ಲ. ಪಕ್ಕದ ಕಾರು ದನಿಗೂಡಿಸಿತು, ಅದರಾಚೆಯದು, ಆಮೇಲೆ ಮೈದಾನದ ಸುತ್ತಲಿನ ಅಷ್ಟೂ ಕಾರುಗಳು. ಮರಗಳಿಂದ ಬಿಳಿ ಗಿಳಿಗಳ ಹಿಂಡು ಕಿರುಚಿಕೊಂಡು ಎದ್ದಿತು. ಹುಡುಗ ತಲೆ ತಗ್ಗಿಸಿ ತನ್ನ ಜಾಗಕ್ಕೆ ಓಡಿದ. ಆ ಗದ್ದಲದಲ್ಲಿ ಲಿಂಡ್ಸೆ ಅತ್ತದ್ದು ಹೊರಗೆ ಯಾರಿಗೂ ಕೇಳಿಸಲಿಲ್ಲ.

ಪಂದ್ಯ ಸೋತರು. ಕೆರಿಬಾದವರ ದೆಸೆಯಿಂದ ಸೋತೆವೆಂದು ವಿರಬೂದವರೂ, ವಿರಬೂದವರ ದೆಸೆಯಿಂದ ಸೋತೆವೆಂದು ಕೆರಿಬಾದವರೂ ಕ್ಲಬ್ಬಿನ ಒಂದೇ ಬಾರ್ ಕಟ್ಟೆಗೆ ಮೊಣಕೈಯೂರಿ ಬಿಯರ್ ಕುಡಿಯುತ್ತ ಬೈದಾಡುತ್ತಿದ್ದರು. ಗ್ಲೆನಿಸ್ ಬಟ್ಟೆ ಬದಲಿಸುವ ಕೋಣೆಯ ಬಾಗಿಲಲ್ಲಿ ಬುಟ್ಟಿಯಿಟ್ಟುಕೊಂಡು ನಿಂತಳು. ಆಟಗಾರರು ಬೆವರು ಮಣ್ಣಿನ ಜೆರ್ಸಿಗಳನ್ನು ಎಂದಿನಂತೆ ದೂರದಿಂದಲೇ ಎಸೆದರು. ಕೊನೆಗೆ ಬಂದವನು ಬ್ರೋಡಿ, ಕೆರಿಬಾದ ಬಡಗಿಯ ಹತ್ತಿರ ಕೆಲಸ ಕಲಿಯುವ ಹುಡುಗ. ಅವನು ಏಳನೇ ನಂಬರನ್ನು ನಾಲ್ಕು ಮಡಿಕೆ ಮಾಡಿ ಎರಡೂ ಕೈಯಲ್ಲಿ ಹಿಡಿದಿದ್ದ.

"ನಾನು ಕೇಳಿ ತಗೊಂಡಿದ್ದಲ್ಲ ಇದು. ಸಣ್ಣ ಅಳತೇಲಿ ಇದೊಂದೇ ಉಳಿದಿತ್ತು," ಅಂದ. "ಬೇಕಾದ್ರೆ ನಾನೇ ಒಗ್ಕೋತೀನಿ."

"ನೀನು ಒಗೀತೀಯೋ, ನಿಮ್ಮಮ್ಮನ ತಲೆಗೆ ಕಟ್ತೀಯೋ?"

ಹುಡುಗ ನಕ್ಕ. ಗ್ಲೆನಿಸ್ ಅದನ್ನು ತೆಗೆದುಕೊಂಡು ಬುಟ್ಟಿಯ ತಳಕ್ಕೆ, ಎಲ್ಲದರ ಅಡಿಗೆ, ತುರುಕಿದಳು.

ಭಾನುವಾರ ಬೆಳಿಗ್ಗೆ ಒಳ್ಳೆಯ ಬಿಸಿಲಿತ್ತು. ಅವಳು ಒಂದರಿಂದ ಹರವುತ್ತ ಹೋದಳು. ನಾಲ್ಕು, ಐದು, ಆರು. ಆರಾದ ಮೇಲೆ ಕಾಲು ತಾನಾಗಿ ಒಂದು ಹೆಜ್ಜೆ ಮುಂದಿಟ್ಟಿತು. ಎಂಟು, ಒಂಬತ್ತು. ನೀಲಗಿರಿ ಮರದ ಹತ್ತಿರ ಬಂದಾಗ ತಂತಿ ಮುಗಿದಿತ್ತು, ಬುಟ್ಟಿಯಲ್ಲಿ ಒಂದು ಜೆರ್ಸಿ ಉಳಿದಿತ್ತು.

"ಗ್ಲೆನ್, ಒಂದು ಉಳೀತು ನೋಡು," ಮೆಟ್ಟಿಲ ಮೇಲೆ ಟೀ ಹಿಡಿದು ಕೂತಿದ್ದ ಲಿಂಡ್ಸೆ ಅಂದ.

"ಗೊತ್ತು."

ಅವಳು ಒದ್ದೆ ಜೆರ್ಸಿಯನ್ನು ಎದೆಗವುಚಿಕೊಂಡು ಸಾಲಿನುದ್ದಕ್ಕೂ ಹಿಂದೆ ನಡೆದುಬಂದಳು. ಆ ಖಾಲಿ ಜಾಗದ ಮುಂದೆ ಬಹಳ ಹೊತ್ತು ನಿಂತಳು. ಕಾಲ ಮೇಲೆ ನೀರು ತೊಟ್ಟಿಕ್ಕುತ್ತಿತ್ತು. ಆಮೇಲೆ ಕೊಡವಿ, ತೂಗುಹಾಕಿ, ಎರಡು ಕ್ಲಿಪ್ಪು ಸಿಕ್ಕಿಸಿದಳು.

ಬ್ರೋಡಿ ಸಣಕಲ. ಜೆರ್ಸಿಯ ಎಡಕ್ಕೊಂದು ಗೇಣು, ಬಲಕ್ಕೊಂದು ಗೇಣು, ಆಕಾಶ ಇನ್ನೂ ಉಳಿದಿತ್ತು.