ದೇವರ ಮನೆಯ ರೇಂಜ್

"ಬಘಾ, ರೇಂಜ್ ತರ ಫುಲ್ ಆಹೆ, ಫುಲ್ ಅದ ನೋಡ್ರಿ," ಎಂದು ಅಮೋಗಸಿದ್ಧ ದೇವರ ಮನೆಯೊಳಗಿನಿಂದಲೇ ಮೊಬೈಲ್ ಎತ್ತಿ ತೋರಿಸಿದ. ನೆಟ್ ಕಂಪನಿಯವನು, ಅಕ್ಕಲಕೋಟೆಯಿಂದ ಬೈಕಿನಲ್ಲಿ ನಾಗಣಸೂರಿಗೆ ಬಂದಿದ್ದ. ಅಜ್ಜಿ ರತ್ನಾಬಾಯಿ ಅವನಿಗೆ ಕೈಕಾಲು ತೊಳೆಸಿಯೇ ಒಳಗೆ ಬಿಟ್ಟಿದ್ದಳು. ಮೊಮ್ಮಗಳು ಮಯೂರಿ ಲ್ಯಾಪ್‌ಟಾಪನ್ನು ಎದೆಗವಚಿಕೊಂಡು ಪಡಸಾಲೆಯ ಕಂಬಕ್ಕೆ ಒರಗಿ ನಿಂತಿದ್ದಳು.

"ಒಳಗ ಬರ್ರಿ ಮೇಡಂ, ಲ್ಯಾಪ್‌ಟಾಪ್ ಹಚ್ಚಿ ನೋಡೂಣು. ಪುಣೆದಿಂದ ನಿಮ್ಮ ಸಾಹೇಬರು ಕಂಪ್ಲೇಂಟ್ ಮಾಡ್ಯಾರ, ನಿಮ್ಮ ನೆಟ್ ಮ್ಯಾಲಿಂದ ಮ್ಯಾಲ ಹೋಗ್ತದಂತ."

ಮಯೂರಿ ಹೊಸ್ತಿಲ ಕಡೆ ನೋಡಿದಳು. ಕದಲಲಿಲ್ಲ.

ಕೇಬಲ್ ನೆಟ್ ಇದ್ದಾಗ ಈ ಪಂಚಾಯಿತಿ ಇರಲಿಲ್ಲ. ಪೆಟ್ಟಿಗೆ ಪಡಸಾಲೆಯಲ್ಲೇ ಇತ್ತು. ಆದರೆ ಕಬ್ಬಿನ ಹಂಗಾಮು ಬಂತೆಂದರೆ ಹೊರೆ ಏರಿಸಿಕೊಂಡ ಟ್ರ್ಯಾಕ್ಟರುಗಳು ಊರಬಾಗಿಲ ಅಗಸಿಯ ಬಳಿ ವಾಯರನ್ನು ಕೊರಳಿಗೆ ಹಾಕಿಕೊಂಡು ಹೊರಟುಬಿಡುತ್ತಿದ್ದವು. ಬೇಸತ್ತ ಅಪ್ಪ ಕಲ್ಯಾಣಪ್ಪ ವಾಯರಿಲ್ಲದ ನೆಟ್ ಹಾಕಿಸಿದ. ಆ ಹಳೇ ಮಣ್ಣಿನ ಮನೆಯಲ್ಲಿ ಹುಡುಕುತ್ತ ಹೋದರೆ ಟವರಿನ ರೇಂಜು ಸಿಕ್ಕಿದ್ದು ಒಂದೇ ಕಡೆ, ದೇವರ ಮನೆಯ ಬೆಳಕಿಂಡಿಯಲ್ಲಿ. ಪೆಟ್ಟಿಗೆ ಅಲ್ಲೇ ಮಲ್ಲಯ್ಯನ ಮೂರ್ತಿಯ ತಲೆಯ ಮೇಲೆ ಕೂತಿತು. ಮೊಳ ದಪ್ಪದ ಗೋಡೆ ದಾಟಿ ಪಡಸಾಲೆಗೆ ಬರುವಷ್ಟರಲ್ಲಿ ನೆಟ್ಟಿಗೆ ಉಸಿರು ಹತ್ತುತ್ತಿತ್ತು. ವಿಡಿಯೋದಲ್ಲಿ ಮುಖ ಕಲ್ಲಾಗುತ್ತಿತ್ತು, ಮಾತು ತುಂಡಾಗುತ್ತಿತ್ತು. ಹೀಗಾಗಿ ಮಯೂರಿ ದೇವರೆದುರು ಮಣೆ ಹಾಕಿಕೊಂಡೇ ಪುಣೆಯ ಟ್ಯೂಷನ್ ಕಂಪನಿಯ ಮಕ್ಕಳಿಗೆ ಗಣಿತ ಹೇಳಿಕೊಡುತ್ತಿದ್ದಳು. ಮನೆಯಲ್ಲಿ ಕೇಳಿದ್ದಕ್ಕಷ್ಟೇ ಉತ್ತರ ಕೊಡುವ ಹುಡುಗಿ ಅಲ್ಲಿ ಕೂತರೆ ನಗುತ್ತ ಗಂಟೆಗಟ್ಟಲೆ ಮಾತಾಡುತ್ತಿದ್ದಳು. ಹೊರಗಾದ ದಿನಗಳನ್ನು ಬಿಟ್ಟು.

ಆ ದಿನಗಳಲ್ಲಿ ಆ ಹೊಸ್ತಿಲು ತುಳಿಯುವಂತಿರಲಿಲ್ಲ. ಕಂಪನಿಗೆ ರೇಂಜ್ ಇಲ್ಲ ಎನ್ನುತ್ತಿದ್ದಳು, ಮನೆಯಲ್ಲಿ ಕೆಲಸಕ್ಕೆ ಸೂಟಿ ಕೊಟ್ಟಾರ ಎನ್ನುತ್ತಿದ್ದಳು. ಈ ಎರಡು ಸುಳ್ಳುಗಳು ಇಷ್ಟು ದಿನ ಎದುರಾಬದುರಾಗಿರಲಿಲ್ಲ. ಇವತ್ತು ಸಂಜೆಯ ಕ್ಲಾಸೂ ತಪ್ಪಿದರೆ ಮಕ್ಕಳನ್ನು ಬೇರೆಯವರಿಗೆ ಕೊಡುವುದಾಗಿ ಸಾಹೇಬರು ಬರೆದಿದ್ದರು.

"ಯಾವಾಗ ಹೋಗ್ತದ ಮೇಡಂ? ಗಾಳಿ ಬಿಟ್ಟಾಗೊ, ಲೈಟ್ ಹೋದಾಗೊ?"

ಮಯೂರಿ ಲ್ಯಾಪ್‌ಟಾಪನ್ನು ಇನ್ನೊಂದು ಕೈಗೆ ಬದಲಿಸಿದಳು.

"ಹೋದ ತಿಂಗಳೂ ಹಿಂಗ ಕಂಪ್ಲೇಂಟ್ ಬಂದಿತ್ತು. ರಿಚಾರ್ಜ್ ಟೈಮಿಗೆ ಮಾಡ್ತೀರಿಲ್ಲೊ?"

"ಮಗ ಎಲ್ಲಾ ಮಾಡ್ಯಾನಪಾ," ಎಂದಳು ರತ್ನಾಬಾಯಿ. "ನಿನ್ನ ಡಬ್ಬಿನೇ ಬರೋಬರಿ ಇಲ್ಲ. ದಿನಾ ಅದಕ್ಕೂ ಊದಿನಕಡ್ಡಿ ಬೆಳಗ್ತೀನಿ, ಆದರೂ ಹಿಂಗ ಮಾಡ್ತದ."

"ಡಬ್ಬಿ ಝಕಾಸ್ ಅದ ಆಯಿ. ಬೇಕಾದರ ಬದಲಿ ಮಾಡ್ತೀನಿ. ಆದರ ಮ್ಯಾಲಿನವರಿಗೆ ಏನಂತ ಬರೀಲಿ?" ಎನ್ನುತ್ತ ಅವನು ಪಿನ್ನು ಕೀಳಲು ಕೈ ಹಾಕಿದ.

"ನೆಟ್ ಹೋಗಂಗಿಲ್ರಿ," ಎಂದಳು ಮಯೂರಿ. "ನಾನೇ ಒಳಗ ಹೋಗಂಗಿಲ್ಲ. ಇವತ್ತೂ ಬರಂಗಿಲ್ಲ."

ಅಮೋಗಸಿದ್ಧ ಅವಳನ್ನು ನೋಡಿದ, ಅಜ್ಜಿಯನ್ನು ನೋಡಿದ, ಪಿನ್ನು ಬಿಟ್ಟ. "ನಮ್ಮ ಮನ್ಯಾಗೂ ಹಿಂಗ ಅದರಿ," ಎಂದು ನೆಲಕ್ಕೆ ಹೇಳುವವನಂತೆ ಹೇಳಿ, ಡಬ್ಬಿ ಚಲೋ ಅದ ಅಂತ ಬರೀತೀನಿ ಎಂದು ಚೀಲ ಎತ್ತಿಕೊಂಡು ಹೊರಟುಹೋದ.

ಬೈಕಿನ ಸದ್ದು ದೂರವಾದ ಮೇಲೆ ರತ್ನಾಬಾಯಿ ಕೇಳಿದಳು, "ಸೂಟಿ ಕೊಡ್ತಾರ ಅಂದಿದ್ದಿ?"

"ಇಲ್ಲ ಆಯಿ."

"ನಾ ಓಣಿ ತುಂಬ ಹೇಳೀನಿ, ನಮ್ಮ ಹುಡುಗಿ ಕಂಪನಿ ಭಾಳ ಶಾಣ್ಯಾ ಅದ, ಹೆಣ್ಣಮಕ್ಕಳ ತ್ರಾಸ ತಿಳೀತದ ಅಂತ."

ಮಯೂರಿ ಉಗುರಿನಿಂದ ಕಂಬದ ಸುಣ್ಣ ಕೆರೆಯುತ್ತಿದ್ದಳು.

"ಇವತ್ತ ತಪ್ಪಿದರ?"

"ಮಕ್ಕಳು ಬ್ಯಾರೆಯವರಿಗೆ ಹೋಗ್ತಾವ. ಆಮ್ಯಾಲ ನನಗ ಕೆಲಸಿಲ್ಲ."

"ಡಬ್ಬಿ ಇಲ್ಲಿ ತಂದಿಟ್ಟರ?"

"ರೇಂಜ್ ಬರಂಗಿಲ್ಲ. ಅಪ್ಪ ಎಲ್ಲಾ ಕಡಿ ಇಟ್ಟು ನೋಡ್ಯಾನಲ್ಲ."

ರತ್ನಾಬಾಯಿ ಹೊಸ್ತಿಲ ಮೇಲೆ ಕೂತಳು. ಎಲೆ ಹಾಕಿಕೊಳ್ಳಲೆಂದು ಸಂಚಿ ಬಿಚ್ಚಿದವಳು ಹಾಕಿಕೊಳ್ಳದೆ ಮತ್ತೆ ಕಟ್ಟಿದಳು. "ಸರಿ ಆ ಕಡಿ," ಎಂದು ಮೊಮ್ಮಗಳನ್ನು ಮುಟ್ಟದೆ ಕೈಸನ್ನೆಯಲ್ಲೇ ಗೋಡೆಗೆ ಸರಿಸಿ ಒಳಗೆ ಹೋದಳು. ಮಲ್ಲಯ್ಯ, ಯಲ್ಲಮ್ಮನ ಬೆಳ್ಳಿ ಮುಖ, ಗಂಟೆ, ದೀಪ, ವಿಭೂತಿ ಗಟ್ಟಿ, ಒಂದೊಂದನ್ನೇ ಸೆರಗಿನಿಂದ ಒರೆಸಿ ತಾಮ್ರದ ಹರಿವಾಣಕ್ಕೆ ತುಂಬಿ, ಏದುತ್ತ ಹೊತ್ತು ತಂದಳು. ಹರಿವಾಣವನ್ನು ತಲೆಯ ಮಟ್ಟಕ್ಕೆ ಎತ್ತಿ ಹಿಡಿದೇ ನಿಂತಳು.

"ಮೊದಲ ನೀ ಒಳಗ ಹೋಗಿ ಬಾಗಿಲ ಹಾಕ್ಕೊ. ಆಮ್ಯಾಲ ಪಡಸಾಲಿಗೆ ಕಾಲಿಟ್ಟೀ ಅಂದ್ರ ನೋಡು."

"ನೀರು ಬೇಕಾದರ?"

"ಕಿಡಕಿಯಿಂದ ಕೊಡ್ತೀನಿ. ನಡಿ, ಕೈ ನೋಯ್ತಾವ."

ಸಂಜೆ ಹೊಲದಿಂದ ಬಂದ ಕಲ್ಯಾಣಪ್ಪ ಎಂದಿನಂತೆ ಚಪ್ಪಲಿಗಾಲಲ್ಲೇ ಪಡಸಾಲೆ ಹೊಕ್ಕು ಟಿವಿ ಹಚ್ಚಲು ಕೈ ಚಾಚಿದ. ಟಿವಿಯ ಮುಂದೆ ಹೊಸ ಟವೆಲಿನ ಮೇಲೆ ಯಲ್ಲಮ್ಮ ಕೂತಿದ್ದಳು, ದೀಪ ಉರಿಯುತ್ತಿತ್ತು. ದೇವರ ಮನೆಯ ಮುಚ್ಚಿದ ಬಾಗಿಲಿನಾಚೆ ಮಗಳು ಯಾರಿಗೋ ಇಂಗ್ಲಿಷಿನಲ್ಲಿ ಏನೋ ಹೇಳಿ ನಗುತ್ತಿದ್ದಳು. ಅವನು ಮೆಲ್ಲಗೆ ಹಿಂದೆ ಸರಿದು, ಚಪ್ಪಲಿ ಕಳೆದು ಕೈಯಲ್ಲಿ ಹಿಡಿದು, ಅವನ್ನು ಯಾವ ಬಾಗಿಲ ಮುಂದೆ ಬಿಡಬೇಕೆಂದು ತಿಳಿಯದೆ ಅಂಗಳದಲ್ಲೇ ನಿಂತ.