ಬೂಷ್ಟು ಹಿಡಿದ ಮೊಳಕೆ

ಮೊಳಕೆ ಬಾರ್ಲಿ ಮತ್ತೆ ಕೆಟ್ಟಿತ್ತು. ಶಿತಾಯೆ ಚೀಲದೊಳಗೆ ಕೈಯಿಳಿಸಿದಳು. ಬೆರಳಿಗೆ ತಣ್ಣಗೆ, ಅಂಟಂಟಾಗಿ ತಾಗಿತು. ಒಂದು ಕಾಳು ಬಾಯಿಗೆ ಹಾಕಿಕೊಂಡಳು. ಕಟಕ್ಕೆಂದು ಒಡೆದು ಸಿಹಿಯಾಗಬೇಕಾದ ಕಾಳು ಹಲ್ಲಿನಡಿ ಪಿಚಕ್ಕೆಂದಿತು. ಉಗುಳಿದಳು.

ನಾಲ್ಕು ದಿನದ ಹಿಂದೆ ಗರಿಗರಿಯಾಗಿ ಒಣಗಿಸಿ ತಾನೇ ಕಟ್ಟಿಟ್ಟ ಚೀಲ. ಸೂರು ಸೋರಿರಲಿಲ್ಲ. ಮಳೆ ನಿಂತು ತಿಂಗಳಾಗಿತ್ತು.

ಆ ಮೊಳಕೆಯಿಂದ ತೆಲ್ಲಾ ಆಗಬೇಕಿತ್ತು. ಮನೆಯಲ್ಲೇ ಹುದುಗಿಸುವ ಬಿಯರು. ಎರಡು ವರ್ಷದ ಹಿಂದೆ ಎಳ್ಳುಹೊಲದ ಕೂಲಿಗೆಂದು ಗಡಿಯ ಮೆತೆಮ್ಮಾಕ್ಕೆ ಹೋದ ಗಂಡ ಅಸ್ರೆಸ್ ಜ್ವರದಿಂದ ಸತ್ತನೆಂದೂ, ಅಲ್ಲೇ ಹೂಳಿದರೆಂದೂ ಜೊತೆಗಾರನೊಬ್ಬ ಸುದ್ದಿ ತಂದಿದ್ದ. ಸತ್ತವನ ಹೆಸರಿನಲ್ಲಿ ತೆಜ್ಕಾರ್ ನಡೆಯಬೇಕು. ಪಾದ್ರಿಗಳನ್ನೂ ಊರವರನ್ನೂ ಕೂರಿಸಿ ಇಂಜೆರಾ ರೊಟ್ಟಿ ಬಡಿಸಿ ತೆಲ್ಲಾ ಕುಡಿಸಬೇಕು. ಅಲ್ಲಿಯತನಕ ಆತ್ಮಕ್ಕೆ ದಾರಿ ತೆರೆಯುವುದಿಲ್ಲ. ಶಿತಾಯೆಯ ಕನಸಿನಲ್ಲಿ ಅಸ್ರೆಸ್ ದಿನವೂ ಒಂದು ಮುಚ್ಚಿದ ಬಾಗಿಲ ಮುಂದೆ ನಿಂತು ನೀರು ಕೇಳುತ್ತಿದ್ದ.

ನಲವತ್ತನೆಯ ದಿನಕ್ಕೆ ಆಗಲಿಲ್ಲ, ಮೊಳಕೆ ಬೂಷ್ಟು ಹಿಡಿಯಿತು. ಎಂಬತ್ತಕ್ಕೆ ಎಂದರು. ಆಗ ತೆಲ್ಲಾಕ್ಕೆ ಕಹಿ ಕೊಡುವ ಗೇಶೋ ಸೊಪ್ಪಿನಲ್ಲಿ ಯಾವುದೋ ಕಾಡುಸೊಪ್ಪು ಬೆರೆತು ಗಡಿಗೆಯೇ ನಾರಿತು. ಈಗ ಆರನೆಯ ತಿಂಗಳು. ಆರು ತಿಂಗಳ ತೆಜ್ಕಾರಿಗೆ ಇನ್ನು ಇಪ್ಪತ್ತು ದಿನ.

"ಚೆಲ್ಲಿಬಿಡು," ಎಂದಳು ಅತ್ತೆ ತೆವಾಬೆಚ್, ಹೊಸ್ತಿಲಲ್ಲಿ ಕೂತು ಹತ್ತಿ ನೂಲುತ್ತ. "ಕೆಟ್ಟಿದ್ದನ್ನ ಪಾದ್ರಿಗಳಿಗೆ ಕುಡಿಸಿದ್ರೆ ಪಾಪ ನಮ್ಮನ್ನೇ ಸುತ್ಕೊಳ್ಳುತ್ತೆ."

"ಇನ್ನೆಷ್ಟು ದಿನ ಅತ್ತೆ? ಅವರು ಅಲ್ಲಿ ಕಾಯ್ತಿದಾರೆ."

"ಅವನಿಗೇನೂ ಆತುರ ಇಲ್ಲ ಕಣೇ."

ಶಿತಾಯೆಗೆ ಮೈಯೆಲ್ಲ ಉರಿಯಿತು. ಹೆತ್ತವಳು ಆಡುವ ಮಾತೇ ಇದು? ಸುದ್ದಿ ಬಂದ ದಿನ ಎದೆ ಬಡಿದುಕೊಂಡು ಅತ್ತವಳು ಇದೇ ಅತ್ತೆ. ಗೋರಿ ನೋಡಿ ಬರುತ್ತೇನೆಂದು ಒಬ್ಬಳೇ ಬಸ್ಸು ಹತ್ತಿ ಮೆತೆಮ್ಮಾಕ್ಕೆ ಹೋಗಿದ್ದಳು. ಸೆರಗಿನ ತುದಿಯಲ್ಲಿ ಒಂದು ಹಿಡಿ ಕೆಂಪು ಮಣ್ಣು ಕಟ್ಟಿಕೊಂಡು ಬಂದಳು. ಅಂದಿನಿಂದ ಆ ಮಣ್ಣಿನ ಗಂಟು ಶಿತಾಯೆಯ ತಲೆದಿಂಬಿನಡಿ. ಅಂದಿನಿಂದ ಅತ್ತೆಯ ಕಣ್ಣಲ್ಲಿ ಒಂದು ಹನಿಯೂ ಇಲ್ಲ. ಬರೀ ನೂಲುವುದು. ಮೊಳ ಅಗಲವೂ ಇಲ್ಲದ ಮೆತ್ತನೆಯ ಬಟ್ಟೆ ನೇಯಿಸುವುದು. ಕೇಳಿದರೆ ಚರ್ಚಿಗೆ ಎನ್ನುವುದು. ಚರ್ಚಿನಲ್ಲಿ ಆ ಬಟ್ಟೆಯನ್ನು ಶಿತಾಯೆ ಒಂದು ದಿನವೂ ಕಂಡಿರಲಿಲ್ಲ.

ಪಕ್ಕದ ಮನೆಯ ಬಯೂಶ್ ಬೇಲಿಗೆ ಒರಗಿ, ಚೆಲ್ಲಿದ ಕಾಳನ್ನು ಕೋಳಿಗಳೂ ಮೂಸದೆ ಹೋದದ್ದನ್ನು ನೋಡಿದಳು.

"ನಿಮ್ಮನೇಲಿ ಮೊಳಕೆ ಕೆಡ್ತಿಲ್ಲ ಕಣೇ, ಯಾರೋ ಕೆಡಿಸ್ತಿದಾರೆ."

"ಯಾರು ಕೆಡಿಸ್ತಾರೆ? ಇರೋದೇ ಇಬ್ರು."

"ಅದನ್ನೇ ನಾನು ಹೇಳ್ತಿರೋದು," ಎಂದಳು ಬಯೂಶ್. "ತಾಯಿ ಕರುಳು. ಊಟ ಹಾಕಿಬಿಟ್ರೆ ಮಗ ಸತ್ತ ಅಂತ ಒಪ್ಕೊಂಡ ಹಾಗಲ್ವ? ನನ್ ಹತ್ರ ಒಣಗಿದ ಮೊಳಕೆ ಇದೆ, ತಗೊಂಡ್ಹೋಗು."

ಸತ್ತವನ ಮನೆಯ ಕಾಳೇ ಆಗಬೇಕು ಎಂಬುದು ಅತ್ತೆಯ ಹಟ. ಶಿತಾಯೆ ಕೊನೆಯದಾಗಿ ಇನ್ನೊಮ್ಮೆ ಮನೆಯ ಬಾರ್ಲಿ ನೆನೆಹಾಕಿದಳು. ಎಲೆಗಳ ನಡುವೆ ಮೊಳಕೆ ಬರಿಸಿದಳು, ಬಂಡೆಯ ಮೇಲೆ ಒಣಗಿಸಿದಳು. ಕಾಡು ಆಲಿವ್ ಕಟ್ಟಿಗೆ ಹೊತ್ತಿಸಿ, ಗಡಿಗೆ ಬೋರಲು ಹಾಕಿ ಹೊಗೆ ಹಿಡಿಸಿದಳು. ಭಾನುವಾರ ಬೆಳಿಗ್ಗೆ ಬಿಳಿ ಶಾಲು ಹೊದ್ದು, ಚರ್ಚಿಗೆಂದು ಹೊರಟವಳು ಅರ್ಧ ದಾರಿಯಿಂದ ತಿರುಗಿದಳು.

ಬಾಗಿಲು ಓರೆಯಾಗಿತ್ತು. ಅತ್ತೆ ಚೀಲದ ಮುಂದೆ ಮಂಡಿಯೂರಿದ್ದಳು. ಕೈಯಲ್ಲಿ ಹೂಜಿ. ಎಳೆಗೂಸಿಗೆ ನೀರೆರೆಯುವವಳ ಹಾಗೆ, ಒಂದು ಕೈ ಅಡ್ಡ ಹಿಡಿದು, ಸ್ವಲ್ಪಸ್ವಲ್ಪವೇ ಕಾಳಿನ ಮೇಲೆ ಸುರಿಯುತ್ತಿದ್ದಳು.

ಕಿರುಚಬೇಕೆಂದು ಬಂದಿದ್ದ ಶಿತಾಯೆಗೆ ಕಿರುಚಲಾಗಲಿಲ್ಲ. ಮುದುಕಿಯ ಬೆನ್ನು ಅಷ್ಟು ಸಣ್ಣದಾಗಿತ್ತು. ಅಯ್ಯೋ ಪಾಪ ಎನ್ನಿಸಿತು. ಪಕ್ಕದಲ್ಲಿ ಕೂತು ಹೂಜಿ ತೆಗೆದಿಟ್ಟಳು.

"ಬಿಡಿ ಅತ್ತೆ. ನಂಗೂ ಒಪ್ಪೋಕಾಗಿಲ್ಲ. ಆದ್ರೆ ನಮ್ಮಿಬ್ಬರ ಸಂಕಟಕ್ಕೆ ಅವರನ್ನ ಬಾಗಿಲಾಚೆ ನಿಲ್ಸೋದಾ?"

ತೆವಾಬೆಚ್ ತಲೆಯೆತ್ತಲಿಲ್ಲ. "ಆ ಊಟ ಬೇಡ ಕಣೇ. ನನ್ ಕೈಯಿಂದ ಬಡಿಸೋಕಾಗಲ್ಲ."

"ನಾನು ಬಡಿಸ್ತೀನಿ. ಬಯೂಶಕ್ಕನ ಮೊಳಕೆ ಇದೆ, ಪಾದ್ರಿಗಳಿಗೂ ಹೇಳಿಬಿಟ್ಟಿದೀನಿ." ಶಿತಾಯೆ ಒಳಗೆ ಹೋಗಿ ದಿಂಬಿನಡಿಯ ಗಂಟು ತಂದಳು. ಆರು ತಿಂಗಳು ದಿನವೂ ಮುತ್ತಿಟ್ಟು ಬಟ್ಟೆ ಮಾಸಿ ಕಪ್ಪಾಗಿತ್ತು. "ಅವರು ಇರೋದು ಇಷ್ಟೇ ಅತ್ತೆ, ಈ ಒಂದು ಹಿಡಿ. ಇದನ್ನ ಚರ್ಚಿನ ಅಂಗಳದಲ್ಲಿ ಹೂಳ್ತೀನಿ. ಪಕ್ಕದಲ್ಲಿ ನಂಗೂ ಜಾಗ ಬಿಡಿ ಅಂತ ಕೇಳ್ಕೊಂಡಿದೀನಿ. ಇನ್ನೊಬ್ಬರ ಮನೆ ತುಂಬೋಳಲ್ಲ ನಾನು."

ಮುದುಕಿ ಆಗ ತಲೆಯೆತ್ತಿದಳು. ಆರು ತಿಂಗಳಲ್ಲಿ ಮೊದಲ ಸಲ ಅವಳ ಕಣ್ಣು ತುಂಬಿತ್ತು. ಸೊಸೆಯ ಬೆರಳುಗಳನ್ನು ಒಂದೊಂದಾಗಿ ಬಿಡಿಸಿ, ಗಂಟನ್ನು ತೆಗೆದುಕೊಂಡು ತನ್ನ ಮಡಿಲಿಗೆ ಹಾಕಿಕೊಂಡಳು.

"ಇದು ಗೋರಿ ಮಣ್ಣಲ್ಲ ಕಣೇ, ಅವನ ಹೊಸ ಮನೆ ಅಂಗಳದ್ದು. ನಾನು ಹೋದಾಗ, ತನ್ನ ಕೂಸಿಗೆ ಆಡೋಕೆ ಜಾಗ ಬೇಕು ಅಂತ ಅವನೇ ಅಗೆದು ಮಟ್ಟ ಮಾಡ್ತಿದ್ದ."