ಅಂತರಪಟದ ಬೆಳಕು

“ಆ ಲೈಟ್ ಆಫ್ ಮಾಡವ್ವ ಮೊದ್ಲು! ಮಗೀ ಕಣ್ಣಲ್ಲಿ ನೀರ್ ಸುರೀತಾ ಅದೆ,” ಎಂದು ವಧುವಿನ ಸೋದರಮಾವ ಪುಟ್ಟಸ್ವಾಮಿ ಗದರಿದರು. ವಿಡಿಯೋ ತೆಗೆಯುತ್ತಿದ್ದ ಸಹನ ಲೈಟು ಆರಿಸಿದಳು. ಸಂತೆಬಾಚಹಳ್ಳಿಯ ಆ ಛತ್ರದಲ್ಲಿ ಈಗ ಅವಳಿಗೆ ಉಳಿದದ್ದು ವಧು ಅಕ್ಷಿತಾಳ ಬೆನ್ನ ಹಿಂದಿನ ಕಿಟಕಿ, ಅದರ ತುಂಬ ಬೆಳಗಿನ ಬಿಸಿಲು. ಕ್ಯಾಮೆರಾವನ್ನು ಮುಖಕ್ಕೆ ಹೊಂದಿಸಿದರೆ ಕಿಟಕಿ ಸುಣ್ಣ ಬಳಿದಂತಾಗುತ್ತಿತ್ತು. ಕಿಟಕಿಗೆ ಹೊಂದಿಸಿದರೆ ಮುಖ ಇದ್ದಿಲಾಗುತ್ತಿತ್ತು.

ಪುಣ್ಯಕ್ಕೆ ವಧೂವರರ ನಡುವೆ ಅಂತರಪಟವಿತ್ತು. ಅಡ್ಡ ಹಿಡಿದಿದ್ದ ಆ ಬಿಳಿ ಪಂಚೆಗೆ ಬಿದ್ದ ಬಿಸಿಲು ತಿರುಗಿ ಅಕ್ಷಿತಾಳ ಮುಖಕ್ಕೆ ಹಾಲಿನಂತೆ ಚೆಲ್ಲುತ್ತಿತ್ತು. ಗಟ್ಟಿಮೇಳ ಮೊಳಗಿತು. ಪಂಚೆ ಇಳಿಯತೊಡಗಿದ್ದೇ ಅವಳ ಮುಖದ ಬೆಳಕೂ ಇಳಿಯಿತು. ಒಂದು ತುದಿ ಹಿಡಿದಿದ್ದ ಪುಟ್ಟಸ್ವಾಮಿ ಅದನ್ನು ಕಂಡುಬಿಟ್ಟರು. ಅವರ ಕೈ ಎದೆಮಟ್ಟದಲ್ಲೇ ನಿಂತಿತು. “ಬುಡ್ಬೇಡಿ ಸ್ವಾಮಿ,” ಎಂದು ಇನ್ನೊಂದು ತುದಿಯಲ್ಲಿದ್ದ ಪುರೋಹಿತರನ್ನು ತಡೆದು, ಪಂಚೆಯನ್ನು ಬಿಸಿಲಿಗೆ ಓರೆಯಾಗಿ ಹಿಡಿದರು. ಮಂಕಾಗಿದ್ದ ಮುಖ ಮತ್ತೆ ಬೆಳಗಿತು. ವರನನ್ನು ಕಂಡು ಅವಳು ನಕ್ಕದ್ದೂ ಆಗಲೇ.

ಜೀರಿಗೆ ಬೆಲ್ಲ ಬಿತ್ತು, ಅಕ್ಷತೆ ಬಿತ್ತು. ಪುಟ್ಟಸ್ವಾಮಿ ಮಾತ್ರ ಪಂಚೆಯನ್ನು ಹಿಡಿದೇ ಇದ್ದರು.

“ಸಾಕು ಬುಡು ಮಾವ,” ಎಂದಳು ಅಕ್ಷಿತಾ.

“ನೀನ್ ಸುಮ್ನಿರು. ಆ ವಿಡಿಯೋ ಹುಡ್ಗಿ ಹೇಳ್ಲಿ, ಆಮೇಲೆ ಬುಡ್ತೀನಿ.”

ಸಹನಳಿಗೆ ಬೇಕಾದದ್ದು ಆಗಲೇ ಸಿಕ್ಕಿತ್ತು. ಆದರೂ ಅವಳು ಸಾಕು ಎನ್ನಲಿಲ್ಲ. ಕ್ಯಾಮೆರಾವನ್ನು ಮೆಲ್ಲಗೆ ಪುಟ್ಟಸ್ವಾಮಿಯವರತ್ತ ತಿರುಗಿಸಿದಳು. ಪಂಚೆಯ ಬೆಳಕು ಆ ಮುಖದ ಮೇಲೂ ಬಿದ್ದಿತ್ತು.